ಪಂಖಕ್ಕೊಂದು ಅರಿಶಿಣ ಕೊಂಬು

ಕೆಟ್ಟು ನಿಂತ ಯಂತ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅದರ ಮೈಯನ್ನು ಎರಡು ಕಡೆ ಬೆರಳಿನಿಂದ ತಟ್ಟಿ, ‘ಹೂಂ’ ಎನ್ನದೆ ಮುಂದೆ ಹೋದ ಗಂಡಸನ್ನು ನಾನು ಈ ತನಕ ಕಂಡಿಲ್ಲ. ಆ ‘ಹೂಂ’ಗೆ ಏನರ್ಥ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಮ್ಮ ಹತ್ತಿರ ಉತ್ತರವೂ ಇರುವುದಿಲ್ಲ. ನನಗಂತೂ ಈ ಚಟ ಉಳಿದವರಿಗಿಂತ ಒಂದು ತೂಕ ಹೆಚ್ಚು. ಏಕೆಂದರೆ ನಾನು ಜಹೀರಾಬಾದಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಯಂತ್ರ ಯಾಕೆ ಓಡುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಬಲ್ಲೆ. ಯಾಕೆ ಓಡುತ್ತಿಲ್ಲ ಎಂಬುದು ಪಠ್ಯದಲ್ಲಿ ಇಲ್ಲ. ಒಂದು ಭಾನುವಾರ ಮನೆಯ ಮಿಕ್ಸಿಯನ್ನು ಬಿಚ್ಚಿ ಮತ್ತೆ ಜೋಡಿಸಿದೆ. ಕೊನೆಯಲ್ಲಿ ಮೂರು ಸ್ಕ್ರೂ ಉಳಿದವು. “ಇವನ್ನು ಹೆಚ್ಚಿಗೆ ಹಾಕಿದ್ದರು” ಎಂದು ಹೆಂಡತಿ ಸುವರ್ಣಳಿಗೆ ಹೇಳಿದೆ. ಅಂದಿನಿಂದ ಅವಳು ಚಟ್ನಿ ಅರೆಯುವಾಗ ನಾನು ಆ ಮಿಕ್ಸಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಲ್ಲಬೇಕು. ಬಿಟ್ಟರೆ ಅದು ಕಟ್ಟೆಯಿಂದ ಇಳಿದು ಹೊರಟುಬಿಡುತ್ತದೆ.

ಇಂಥವನ ಕೈಗೆ ಒಂದು ಮೋಟರ್ ಬೋಟು ಸಿಕ್ಕಿತು ಎಂದರೆ ಮುಂದಿನದನ್ನು ನೀವೇ ಊಹಿಸಬಹುದು. ನನ್ನ ಮಾವನ ಊರು ರಾಯಿಕೋಡ್ ದಾಟಿದ ಮೇಲೆ, ಮಂಜೀರಾ ಹಿನ್ನೀರಿನ ದಂಡೆಯಲ್ಲಿದೆ. ಮೀನಿನ ಗುತ್ತಿಗೆ ಹಿಡಿದಿದ್ದ ಒಬ್ಬಾತ ಊರು ಬಿಡುವಾಗ ತನ್ನ ಹಳೆಯ ಬೋಟನ್ನು ಅಲ್ಲೇ ಬೋರಲು ಹಾಕಿ ಹೋಗಿದ್ದ. ಕುರಿಗಳು ಅದರ ನೆರಳಿಗೆ ಮಲಗುತ್ತಿದ್ದವು. ನಾನು ಹೋಗಿ ಎರಡು ಕಡೆ ತಟ್ಟಿ ‘ಹೂಂ’ ಎಂದೆ. ಅಲ್ಲಿಂದ ಮೂರು ತಿಂಗಳು ನನ್ನ ಒಂದೊಂದು ಭಾನುವಾರವೂ ಅದಕ್ಕೇ ಹೋಯಿತು. ಹಿಂದುಗಡೆ ತೂಗುಹಾಕುವ ಇಂಜಿನ್ನು, ಅದರ ಕೆಳಗೆ ನೀರಿನೊಳಗೆ ತಿರುಗುವ ಹಿತ್ತಾಳೆಯ ರೆಕ್ಕೆ. ಅದಕ್ಕೆ ಊರಿನವರೆಲ್ಲ ಪಂಖ ಎನ್ನುತ್ತಾರೆ; ನಾನೂ ಹಾಗೇ ಅನ್ನುತ್ತೇನೆ. ಇಂಜಿನ್ನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು ಹಗ್ಗ ಎಳೆದೂ ಎಳೆದೂ ನನ್ನ ಬಲತೋಳು ಎಡತೋಳಿಗಿಂತ ದಪ್ಪವಾಯಿತು. ಕೊನೆಗೊಂದು ದಿನ ಅದು ಕೆಮ್ಮಿ, ಊರಿಗೆಲ್ಲ ಹೊಗೆ ಹಾಕಿ, ಚಾಲೂ ಆಯಿತು. ಕುರಿಗಳು ದಿಕ್ಕಾಪಾಲಾದವು. ನಾನು ಸಂತೋಷಕ್ಕೆ ಕುಣಿದೆ ಎಂದು ಸುವರ್ಣ ಹೇಳುತ್ತಾಳೆ. ಡ್ರಮ್ಮಿನ ನೀರು ಮೈಮೇಲೆ ಹಾರಿದ್ದಕ್ಕೆ ಕುಣಿದೆ ಎಂಬುದು ನನ್ನ ನೆನಪು.

ಈ ಬೋಟಿನಿಂದ ಯಾರಿಗೆ ಏನು ಉಪಯೋಗ ಎಂದು ಯಾರೂ ಕೇಳಬಾರದಾಗಿತ್ತು, ಎಲ್ಲರೂ ಕೇಳಿದರು. ಉತ್ತರ ನನ್ನ ಮಾವನ ಬಾಯಿಂದಲೇ ಬಂತು. ಬೀರಪ್ಪ ಮಾವ ತಲೆತಲಾಂತರದಿಂದ ಕುರಿ ಸಾಕಿದ ಮನೆಯವರು. ಕುರಿಯ ಮೂಗು ನೋಡಿ ಅದರ ಅಜ್ಜಿ ಯಾರು ಎಂದು ಹೇಳಬಲ್ಲ ಮನುಷ್ಯ. ಅವರ ಒಬ್ಬಳೇ ಅಕ್ಕ ಮಾಳಮ್ಮ ಹಿನ್ನೀರಿನ ಆಚೆ ದಂಡೆಯ ಊರಿನಲ್ಲಿದ್ದಾಳೆ. ಮೂರು ವರ್ಷದಿಂದ ಅಕ್ಕತಮ್ಮರಿಗೆ ಮಾತಿಲ್ಲ. ಕಾರಣ ಒಂದು ಟಗರು. ಮಾವ ತಮ್ಮ ಹಿಂಡಿನ ಅತ್ಯುತ್ತಮ ಟಗರನ್ನು ಅಕ್ಕನಿಗೆ ಪ್ರೀತಿಯಿಂದ ಕೊಟ್ಟಿದ್ದರು. ಆಕೆ ಒಂದು ಮದುವೆಯ ಪಂಕ್ತಿಯಲ್ಲಿ, ನಾಲ್ಕು ಊರಿನ ಬೀಗರ ಎದುರಿಗೆ, “ನಮ್ಮ ತಮ್ಮ ಕೊಟ್ಟ ಟಗರು ನೋಡಾಕ ಚಂದ, ಕೆಲಸಕ್ಕ ಬಾರದು” ಎಂದುಬಿಟ್ಟಳು. ಮಾವ ಅರ್ಧ ಊಟಕ್ಕೆ ಎದ್ದರು. ಅದಾದ ಮೇಲೆ ಪ್ರತಿ ದಸರೆಗೂ ಅವರು ಬನ್ನಿ ಎಲೆಯನ್ನು ಯಾರದಾದರೂ ಕೈಯಲ್ಲಿ ಕಳಿಸುತ್ತಿದ್ದರು. ಆಕೆ ಅದೇ ಕೈಯಲ್ಲಿ ವಾಪಸು ಕಳಿಸುತ್ತಿದ್ದಳು. ಬನ್ನಿ ಎಂದರೆ ನಮ್ಮ ಕಡೆ ಬಂಗಾರ. ಚಿಕ್ಕವರು ದೊಡ್ಡವರ ಕಾಲು ಮುಟ್ಟಿ ಕೈಯಿಂದ ಕೈಗೆ ಕೊಡಬೇಕು; ಟಪಾಲಿನಲ್ಲಿ ಹಾಕುವ ವಸ್ತುವಲ್ಲ.

ಹೋದ ದಸರೆಗೆ ಮುಂಚೆ ಮಾಳಮ್ಮ ಹೇಳಿಕಳಿಸಿದಳು: “ನನಗೂ ವಯಸ್ಸಾತು. ಬರೋದಿದ್ರ ಆತನೇ ಬರ್ಲಿ, ಇಲ್ಲಾಂದ್ರ ಮುಂದಿನ ವರ್ಷ ಎಲಿ ಕಳಸೋದು ಬ್ಯಾಡ.” ಮಾವ ಎರಡು ದಿನ ಉಂಡ ತಟ್ಟೆಯನ್ನೇ ನೋಡುತ್ತ ಕೂತರು. ಹೋಗಬೇಕೆಂಬ ಆಸೆ ಮುಖದ ತುಂಬ ಇತ್ತು. ಆದರೆ ಹೋಗುವ ರಸ್ತೆ ಊರ ಚಹಾ ಹೋಟೆಲಿನ ಮುಂದೆಯೇ ಹಾದುಹೋಗುತ್ತದೆ. “ಅಲ್ಲಿ ಕುಂತವರೆಲ್ಲ ‘ಬೀರಪ್ಪ ಸೋತ, ಅಕ್ಕನ ಕಾಲ್ ಹಿಡ್ಯಾಕ ಹೊಂಟಾನ’ ಅಂತಾರ. ನಾ ಹೋಗಂಗಿಲ್ಲ” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, “ಮಾಸ್ತರ, ನೀರಿನ ಮ್ಯಾಲ ಚಾ ಹೋಟೆಲ್ ಇರಂಗಿಲ್ಲ ನೋಡ್ರಿ” ಎಂದರು. ನನ್ನ ಎದೆ ಉಬ್ಬಿತು. ಮೂರು ವರ್ಷ ಮುರಿದುಬಿದ್ದ ಸಂಬಂಧವನ್ನು ಜೋಡಿಸಲು ನನ್ನ ಬೋಟೇ ಬೇಕಾಯಿತಲ್ಲ! ಸುವರ್ಣ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, “ಅಪ್ಪ ಈ ಸಲ ಹೋಗಲಿಲ್ಲಾಂದ್ರ ಮತ್ತ ಜನ್ಮದಾಗ ಹೋಗಂಗಿಲ್ಲ. ನಿಮ್ಮ ಡಬ್ಬಾ ನಂಬಬಹುದೇನ್ರಿ?” ಎಂದು ಕೇಳಿದಳು. ನಂಬಬಹುದು ಎಂದೆ.

ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಗೆ, ಮನೆಯ ಕಬ್ಬಿಣವೆಲ್ಲ ದೇವರ ಮುಂದೆ ಬಂದು ಕೂತಿತು. ಕುಡುಗೋಲು, ಕೊಡಲಿ, ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ, ಕಂಬಳಿ ಹೊಲಿಯುವ ದಬ್ಬಣ, ನಟ್ಟು ಬಿಚ್ಚುವ ನನ್ನ ಪಾನಾ, ತಂತಿ ಹಿಡಿಯುವ ಪಕ್ಕಡ್, ಕೊನೆಗೆ ಕುರಿಗೆ ಸೊಪ್ಪು ಎಳೆಯುವ ದೋಟಿಯೂ ಬಂತು, ಏಕೆಂದರೆ ಅದರ ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇದೆ. ಬೋಟನ್ನು ದಂಡೆಯಿಂದ ನೂಕಲು ನಾನು ಬಳಸುತ್ತಿದ್ದದ್ದು ಆ ದೋಟಿಯನ್ನೇ. ಇಂಜಿನ್ನನ್ನು ಹೊತ್ತು ತರುವುದು ಆಗದ ಮಾತು. ಅದಕ್ಕೆ ದಂಡೆಯ ಮೇಲೆಯೇ ಕುಂಕುಮವಾಯಿತು. ಆದರೆ ಭಕ್ತಿ ಹೆಚ್ಚಾಗಿ ನಾನು ಪಂಖವನ್ನು ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿ, ಅದರ ನಟ್ಟು ಮತ್ತು ಪಿನ್ನಿನ ಸಮೇತ ದೇವರ ಮುಂದೆ ಇಟ್ಟೆ. ಅತ್ತೆ ಎಲ್ಲದಕ್ಕೂ ವಿಭೂತಿ ಬಳಿದು ಕೈಮುಗಿದರು.

ಮರುದಿನ ಮಧ್ಯಾಹ್ನ ಹೊರಡುವ ಹೊತ್ತಿಗೆ ನಾನು ಪಂಖ ಎತ್ತಿಕೊಳ್ಳಲು ಹೋದರೆ ಅತ್ತೆ ಹೌಹಾರಿದರು. “ಅಯ್ಯ, ಬನ್ನಿ ಮುಡಿಯೋತನಕ ದೇವರ ಮುಂದಿನ ಕಬ್ಬಿಣ ಎತ್ತಬಾರ್ದ್ರಿ!” ಬನ್ನಿ ಮುಡಿಯಲಿಕ್ಕೆ ಹೋಗಬೇಕು, ಹೋಗಲಿಕ್ಕೆ ಪಂಖ ಬೇಕು, ಪಂಖ ಎತ್ತಲಿಕ್ಕೆ ಬನ್ನಿ ಮುಡಿಯಬೇಕು. ನನ್ನೊಳಗಿನ ವಿಜ್ಞಾನದ ಮಾಸ್ತರ ಎದ್ದು ನಿಂತ. “ಅತ್ತಿ, ಇದು ಹಿತ್ತಾಳಿ. ಹಿತ್ತಾಳಿ ಕಬ್ಬಿಣ ಅಲ್ಲ. ಹಿತ್ತಾಳಿ ತಂಬಿಗಿ ನೀವು ಮುಂಜಾನಿಂದ ಎತ್ತಾಕತ್ತೀರಲ್ರಿ?” ಎಂದೆ. ಅತ್ತೆ ಒಪ್ಪಿದರು. ಪಂಖ ಕೊಟ್ಟರು, ಹಿತ್ತಾಳೆಯ ನಟ್ಟನ್ನೂ ಕೊಟ್ಟರು. ಪಿನ್ನಿಗೆ ಕೈ ಹಾಕಿದಾಗ ಮಾತ್ರ ನನ್ನ ಕೈ ಹಿಡಿದರು. ಅದಕ್ಕೆ ತುಕ್ಕು ಹಿಡಿದಿತ್ತು. “ಇದು ಕಬ್ಬಿಣ. ನೀವೇ ಅಂದೀರಲ್ರಿ.” ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ವಿದ್ಯಾರ್ಥಿ ನನ್ನ ಇಡೀ ನೌಕರಿಯಲ್ಲಿ ಸಿಕ್ಕಿರಲಿಲ್ಲ.

ಆ ಪಿನ್ನು ಕಿರುಬೆರಳಿನ ಅರ್ಧದಷ್ಟು. ಇಂಜಿನ್ನಿನ ಕಡ್ಡಿಯ ತೂತಿನಲ್ಲಿ ಅಡ್ಡ ಕೂತು ಪಂಖವನ್ನು ಹಿಡಿದುಕೊಳ್ಳುವುದೇ ಅದರ ಕೆಲಸ. ಅದಿಲ್ಲದಿದ್ದರೆ ಕಡ್ಡಿ ತಿರುಗುತ್ತದೆ, ಪಂಖ ಸುಮ್ಮನಿರುತ್ತದೆ. ಇದನ್ನು ವಿವರಿಸಿದೆ. ಅತ್ತೆ ಸ್ವಲ್ಪ ಯೋಚಿಸಿ, ದೇವರ ತಟ್ಟೆಯಿಂದ ಒಂದು ಒಣಗಿದ ಅರಿಶಿಣ ಕೊಂಬನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. “ತಾಳಿ ಸವದು ಅಕ್ಕಸಾಲಿಗನ ಕಡಿ ಹೋದಾಗ ನಾವು ಅರಿಶಿಣ ಕೊಂಬು ಕಟ್ಕೊಂತೀವಿ. ಅಷ್ಟು ದಿನ ಗಂಡಗ ಏನಾರ ಆಗ್ತದೇನ್ರಿ?” ಇಲ್ಲ ಎಂದೆ. “ಮತ್ತ ಇದಕ್ಕ ಏನಾಗ್ತದ?” ಇದಕ್ಕೆ ಉತ್ತರ ಕೊಡುವ ಧೈರ್ಯ ಯಾವ ಅಳಿಯನಿಗಿದೆ? ಅಲ್ಲದೆ ನನ್ನ ತಲೆಯೂ ಅಷ್ಟರಲ್ಲಿ ಅತ್ತೆಯ ಪಕ್ಷಕ್ಕೆ ಹಾರಿತ್ತು. ಈ ಪಿನ್ನನ್ನು ಮಾಡುವವರೇ ಬೇಕೆಂದು ಸ್ವಲ್ಪ ಮೆತ್ತಗೆ ಮಾಡಿರುತ್ತಾರೆ. ಪಂಖಕ್ಕೆ ಕಲ್ಲು ತಗುಲಿದರೆ ಪಿನ್ನು ಮುರಿದು ಇಂಜಿನ್ನನ್ನು ಉಳಿಸಲಿ ಎಂದು. ಮೆತ್ತಗಿರುವುದೇ ಗುಣವಾದರೆ ಅರಿಶಿಣದಲ್ಲಿ ಏನು ಕೊರತೆ? ಕೊಂಬನ್ನು ಕಲ್ಲಿಗೆ ಉಜ್ಜಿ ಅಳತೆಗೆ ತಂದು, ತೂತಿಗೆ ಕೂರಿಸಿ, ನಟ್ಟನ್ನು ಕೈಯಿಂದಲೇ ಬಿಗಿ ಮಾಡಿದೆ. ಪಾನಾ ದೇವರ ಮುಂದಿತ್ತಲ್ಲ.

ಮಾವ ಬಿಳಿ ಧೋತ್ರ ಉಟ್ಟು, ಕೆಂಪು ರುಮಾಲು ಸುತ್ತಿ, ಬನ್ನಿ ಎಲೆಗಳನ್ನು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಮದುಮಗನ ಹಾಗೆ ಬೋಟಿನ ಮುಂದುಗಡೆ ಕೂತರು. ನಾನು ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಟ್ಟುಕೊಂಡೆ. ಇಬ್ಬರಿಗೂ ಈಜು ಬರುವುದಿಲ್ಲ. ಮಾವ ಜಾಕೀಟು ಬೇಡವೆಂದರು, ಅಕ್ಕನ ಎದುರಿಗೆ ಹೆದರಿದವನ ಹಾಗೆ ಕಾಣಬಾರದಂತೆ. ಇಂಜಿನ್ನು ಒಂದೇ ಎಳೆತಕ್ಕೆ ಹಿಡಿಯಿತು. ನೀರು ತುಂಬಿಕೊಂಡು ಹೊಳೆಯುತ್ತಿತ್ತು, ಕೊಕ್ಕರೆಗಳು ಎದ್ದು ಹಾರಿದವು, ದಂಡೆಯಲ್ಲಿ ಸುವರ್ಣ ಕೈ ಬೀಸಿದಳು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಗಳಿಗೆಗಳು ಕೆಲವೇ. ಆಚೆ ದಂಡೆಯಲ್ಲಿ ಹಸಿರು ಸೀರೆಯೊಂದು ನಿಂತಿರುವುದು ಕಾಣಿಸುವಷ್ಟು ಹತ್ತಿರ ಬಂದೆವು. ಮಾವ ಮೀಸೆ ಸರಿಮಾಡಿಕೊಂಡರು. ಆಗ ಹಿಂದೆ ‘ಟಪ್’ ಎಂದಿತು.

ಇಂಜಿನ್ನು ನಿಲ್ಲಲಿಲ್ಲ. ನಿಂತಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ಅದು ಮೊದಲಿಗಿಂತ ಜೋರಾಗಿ, ಹಗುರಾಗಿ, ಹುಮ್ಮಸ್ಸಿನಿಂದ ಓಡತೊಡಗಿತು. ಬೋಟು ಮಾತ್ರ ಕದಲಲಿಲ್ಲ. ಕಿವಿ ಕೊಟ್ಟರೆ ಜಹೀರಾಬಾದಿಗೆ ಹೋಗುತ್ತಿದ್ದೇವೆ ಅನ್ನಿಸಬೇಕು, ಕಣ್ಣು ಬಿಟ್ಟರೆ ಅಲ್ಲೇ. “ಯಾಕ ನಿಂತದ?” ಎಂದರು ಮಾವ. ನಾನು ಇಂಜಿನ್ನಿನ ಮೈ ಎರಡು ಕಡೆ ತಟ್ಟಿ ‘ಹೂಂ’ ಎಂದೆ. ಪೆಟ್ರೋಲು ನೋಡಿದೆ, ಇತ್ತು. ಪೆಟ್ರೋಲಿನ ಕೊಳವೆ ಹಿಚುಕಿದೆ. ಪ್ಲಗ್ಗು ಬಿಚ್ಚೋಣವೆಂದರೆ ಪಾನಾ ಇಲ್ಲ. ಮಾವನ ಸೊಂಟದಲ್ಲಿ ಸದಾ ಇರುವ ಚಾಕು ಕೇಳಿದರೆ ಅದೂ ದೇವರ ಮುಂದೆ. ನೂಕಲು ದೋಟಿಯೂ ಇಲ್ಲ. ವರ್ಷದ ಮುನ್ನೂರರವತ್ತೈದು ದಿನದಲ್ಲಿ ನಮ್ಮ ಮನೆಯವರ ಮೈಮೇಲೆ ಒಂದು ಗುಂಡುಪಿನ್ನೂ ಇಲ್ಲದ ದಿನ ಅದೊಂದೇ. ಕೊನೆಗೆ ಊರ ಪಂಪುಸೆಟ್ಟುಗಳಿಗೆಲ್ಲ ಧನ್ವಂತರಿಯಾದ ಮೆಕ್ಯಾನಿಕ್ ಯೂಸುಫ್ ಭಾಯಿಗೆ ಫೋನು ಹಚ್ಚಿದೆ. ಅವರು ನನ್ನ ಐದು ನಿಮಿಷದ ವರದಿಯನ್ನು ತಾಳ್ಮೆಯಿಂದ ಕೇಳಿ, “ಮಾಸ್ಟರ್ ಸಾಬ್, ಇಂಜಿನ್ ಚಾಲೂ ಅದಾ ಅಂತೀರಿ. ಚಾಲೂ ಇದ್ದಿದ್ದಕ್ಕ ಯಾಕ ರಿಪೇರಿ ಮಾಡಾಕತ್ತೀರಿ? ಪಂಖ ನೋಡ್ರಿ, ಪಂಖ!” ಎಂದರು.

ಬಗ್ಗಿ ನೋಡಿದೆ. ಇಂಜಿನ್ನಿನ ಹಿಂದೆ ನೀರಿನ ಮೇಲೆ ಹಳದಿ ಬಣ್ಣದ ಒಂದು ಚಂದದ ಗೆರೆ ಹರಡುತ್ತಿತ್ತು. ಅರಿಶಿಣ ಕೊಂಬು ಪುಡಿಯಾಗಿ ಮಂಜೀರೆಗೆ ಅರ್ಪಿತವಾಗಿತ್ತು. ಪಂಖ ಸುಮ್ಮನೆ ನೀರಾಟವಾಡುತ್ತಿತ್ತು. “ಭಾಯಿ, ಅಲ್ಲಿ ಪಿನ್ನಿನ ಬದಲಿಗೆ ಅರಿಶಿಣ ಹಾಕಿದ್ದೆ” ಎಂದೆ. ಆಮೇಲೆ ಅವರು ಅತ್ಯಂತ ಗೌರವದಿಂದ, “ಉಪ್ಪು, ಖಾರ ಹಾಕ್ಲಿಲ್ರಿ?” ಎಂದು ಕೇಳಿ ಫೋನಿಟ್ಟರು.

ಅಷ್ಟರಲ್ಲಿ ನನ್ನ ಇಂಜಿನ್ನಿನ ಗದ್ದಲಕ್ಕೆ ಎರಡೂ ದಂಡೆಯಲ್ಲಿ ಜನ ಸೇರಿದ್ದರು. ಚಹಾ ಹೋಟೆಲಿನವನೂ ಕೆಟಲು ಹಿಡಿದುಕೊಂಡೇ ಬಂದಿದ್ದ. ಯಾರ ಕಣ್ಣಿಗೂ ಬೀಳಬಾರದೆಂದು ಹೊರಟ ಮಾವ ಈಗ ಎರಡು ಊರಿನ ನಡುವೆ ಕೆಂಪು ರುಮಾಲು ಸುತ್ತಿಕೊಂಡು ಕೂತಿದ್ದರು. ಅವರ ಮುಖ ಬಿಗಿಯಾಗತೊಡಗಿತು. “ತಿರುಗಸ್ರಿ ಮಾಸ್ತರ, ಮನಿಗಿ ಹೋಗೋಣು” ಎಂದರು. ತಿರುಗುವುದೂ ಆಗದ ಬೋಟು ಅದು ಎಂಬುದೊಂದೇ ಆ ಹೊತ್ತಿನ ಸಮಾಧಾನ.

ಹಸಿರು ಸೀರೆ ಕೂಗಿತು. “ಮಾಸ್ತರ! ಯಾಕ ನಿಂತೀರಂತ ಕೇಳ್ರಿ ಅವಗ!” ನೇರ ಮಾತಿಲ್ಲವಲ್ಲ, ಕೇಳಿದ್ದು ತಮ್ಮನನ್ನು, ಕೂಗಿದ್ದು ನನ್ನನ್ನು. ಮಾವ ನನ್ನ ಕಿವಿಯ ಹತ್ತಿರ, ಆದರೆ ಆಚೆ ದಂಡೆಗೂ ಕೇಳಿಸುವಷ್ಟು ಜೋರಾಗಿ, “ಗಾಳಿ ತಗೋಳಾಕ ನಿಂತೀವಿ ಅಂತ ಹೇಳ್ರಿ ಆಕಿಗಿ” ಎಂದರು. ನಾನು ಕೂಗಿದೆ: “ಗಾಳಿ ತಗೋಳಾಕ ನಿಂತೀವಂತ್ರಿ!” ಅಲ್ಲಿಂದ ಬಂತು: “ದಂಡಿ ಮ್ಯಾಲನೂ ಗಾಳಿ ಅದಾ ಅಂತ ಹೇಳ್ರಿ!” ಇಬ್ಬರ ನಡುವೆ ತಂತಿಯಾಫೀಸಿನವನಂತೆ ನಾನು ಎರಡೂ ಕಡೆಗೆ ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ನಾನೇ ತಾಳಲಾರದೆ ನಿಜ ಹೇಳಿಬಿಟ್ಟೆ. “ಬೋಟ್ ಕೆಟ್ಟದ್ರಿ ದೊಡ್ಡಮ್ಮಾ! ನಮಗ ಈಜಾಕ ಬರಂಗಿಲ್ಲ!”

ಮಾಳಮ್ಮ ಸೀರೆಯ ಕಚ್ಚೆ ಬಿಗಿದು ಸೀದಾ ನೀರಿಗಿಳಿದಳು. ಎಪ್ಪತ್ತರ ಹತ್ತಿರದ ಹೆಂಗಸು. ಮಾವ ಎದ್ದು ನಿಂತರು, ಬೋಟು ಹೊಯ್ದಾಡಿತು. “ಅಕ್ಕಾ! ಬರಬ್ಯಾಡ! ಅಕ್ಕಾ, ನೀರ್ ಅದಾ!” ಎಂದು ಚೀರಿದರು. ಮೂರು ವರ್ಷದ ನಂತರ ಅಕ್ಕನೊಡನೆ ಆಡಿದ ಮೊದಲ ಮಾತು ಅದು. ನನ್ನ ಮೂಲಕ ಹೋಗಲಿಲ್ಲ.

“ನೀರ್ ಅದಾ ಅನ್ನೋದು ನನಗ ಗೊತ್ತಿಲ್ಲೇನೋ?” ಎನ್ನುತ್ತ ಆಕೆ ಬರುತ್ತಲೇ ಇದ್ದಳು. ಮೊಣಕಾಲಿನವರೆಗೆ ನೀರು ಬಂತು, ತೊಡೆಯವರೆಗೆ ಬಂತು, ಅಲ್ಲಿಗೆ ನಿಂತಿತು. ಬೋಟಿನ ಪಕ್ಕದಲ್ಲಿ ನಿಂತಾಗಲೂ ತೊಡೆಯವರೆಗೇ ಇತ್ತು. ತೇಲುವ ಜಾಕೀಟಿನೊಳಗೆ ನಾನು ಆದಷ್ಟು ಸಣ್ಣವನಾಗಲು ನೋಡಿದೆ. “ಎಲ್ಲಿ ನಿಂತೀಯಂತ ಗೊತ್ತೇನು ಬೀರ್ಯಾ?” ಎಂದಳು. “ಅಪ್ಪನ ಜ್ವಾಳದ ಹೊಲ ನೀರಾಗ ಮುಳುಗ್ತಲ್ಲ, ಅದರ ದೊಡ್ಡ ಬದು ಇದು. ನೀರ್ ಇಳದಾಗ ದಿನಾ ಇದರ ಮ್ಯಾಲೇ ಕುರಿ ಹೊಡ್ಕೊಂಡು ಬರ್ತೀನಿ. ನೀ ಸಣ್ಣಾಂವ ಇದ್ದಾಗ ಇಲ್ಲೇ ಕುಂದ್ರಿಸಿ ನಿನಗ ರೊಟ್ಟಿ ತಿನಸೀನಿ. ಮರ್ತೇನು?”

ಮಾವ ನೀರನ್ನು ನೋಡಿದರು. ಬಿಳಿ ಧೋತ್ರದ ಸಮೇತ ಬೋಟಿನಿಂದ ಇಳಿದರು. ರುಮಾಲಿನಿಂದ ಬನ್ನಿ ತೆಗೆದು ಕೈಯಲ್ಲಿ ಹಿಡಿದರು. ಆಗ ಒಂದು ಸಮಸ್ಯೆ ಎದುರಾಯಿತು. ಕಾಲು ಮುಟ್ಟಿಯೇ ಬನ್ನಿ ಕೊಡಬೇಕು. ಅಕ್ಕನ ಕಾಲುಗಳು ನೀರಿನ ತಳದಲ್ಲಿವೆ. ಎರಡು ದಂಡೆಯ ಜನವೂ ಉಸಿರು ಹಿಡಿದು ನೋಡುತ್ತಿದ್ದರು. ಮಾವ ಒಮ್ಮೆ ಆಕಾಶ ನೋಡಿ, ಮೂಗು ಹಿಡಿದು, ಮುಳುಗಿಬಿಟ್ಟರು. ರುಮಾಲು ಮೇಲೆ ತೇಲಿತು, ಎಲೆಗಳು ತೇಲಿದವು, ಮಾವ ಮಾತ್ರ ಏಳಲಿಲ್ಲ. ಮೂರು ವರ್ಷದ ನಮಸ್ಕಾರ ಒಟ್ಟಿಗೆ ಮಾಡುತ್ತಿದ್ದರೋ ಏನೋ. “ಸಾಕೋ! ಏಳೋ! ನನ್ನಪ್ಪಾ, ಸಾಕ್ ಏಳೋ!” ಎಂದು ಮಾಳಮ್ಮ ಕೂಗುತ್ತ ಅವರ ಕೂದಲಿಗೆ ಕೈಹಾಕಿ ಮೇಲಕ್ಕೆಳೆದು, ಆ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡಳು. ಇಬ್ಬರೂ ಅತ್ತರು. ನಾನೂ ಅತ್ತುಬಿಟ್ಟೆ, ಇದನ್ನು ಬರೆಯುವಾಗಲೂ ಕಣ್ಣು ಸರಿಯಾಗಿ ಕಾಣುತ್ತಿಲ್ಲ. ಆಕೆ ತೇಲುವ ಎಲೆಗಳನ್ನು ಒಂದೊಂದೇ ಆರಿಸಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತ, “ಆ ಟಗರು ಭಾಳ ಛಲೋ ಅದನೋ. ಈಗ ನನ್ನ ಹಿಂಡೆಲ್ಲ ಅದರ ಮರಿಗಳೇ. ಹೇಳಾಕ ನನಗೇ ನಾಚಿಕಿ ಬಂತು” ಎಂದಳು. ಮಾವ ಬಿಕ್ಕುತ್ತಲೇ, “ನಾ ಅವತ್ತೇ ಅಂದಿದ್ದೆ” ಎಂದರು.

ನಾನೂ ಇಳಿಯಲು ಹೋದೆ. “ನೀವ್ ಕುಂದರ್ರಿ ಮಾಸ್ತರ, ಬೀಳ್ತೀರಿ” ಎಂದು ಇಬ್ಬರೂ ಒಂದೇ ದನಿಯಲ್ಲಿ ಗದರಿದರು. ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ ಹಗ್ಗ ಹಿಡಿದು, ಹಳೆಯ ಹೊಲದ ಬದುವಿನ ಮೇಲೆ ಬೋಟನ್ನು ಎಳೆಯುತ್ತ ಹೊರಟರು; ನಡುವೆ ಕಿತ್ತಳೆ ಜಾಕೀಟಿನಲ್ಲಿ ನಾನು ದೇವರ ಮೂರ್ತಿಯ ಹಾಗೆ ಕೂತಿದ್ದೆ. ಎರಡೂ ದಂಡೆಯಿಂದ ಚಪ್ಪಾಳೆ ಬಿತ್ತು. ಆ ರಾತ್ರಿ ಮಾಳಮ್ಮನ ಮನೆಯ ಊಟದಲ್ಲಿ ನನ್ನ ತಟ್ಟೆಗೆ ಬಡಿಸಿದಷ್ಟು ಯಾವ ಅಳಿಯನಿಗೂ ಯಾರೂ ಬಡಿಸಿರಲಾರರು.

ಈಗ ಮಾವ ಅಕ್ಕನ ಊರಿಗೆ ವಾರಕ್ಕೊಮ್ಮೆ ಹೋಗುತ್ತಾರೆ. ರಸ್ತೆಯ ಮೇಲೆಯೇ ಹೋಗುತ್ತಾರೆ. ಚಹಾ ಹೋಟೆಲಿನಲ್ಲಿ ಬೇಕೆಂದೇ ಕೂತು, ಎಲ್ಲಿಗೆ ಹೊರಟಿರೆಂದು ಯಾರಾದರೂ ಕೇಳುವ ತನಕ ಏಳುವುದಿಲ್ಲ. ಬೋಟು ಅಲ್ಲೇ ದಂಡೆಯಲ್ಲಿದೆ. ಅದಕ್ಕೆ ಅಸಲಿ ಪಿನ್ನು ಹಾಕಿದ್ದೇನೆ, ಯೂಸುಫ್ ಭಾಯಿ ಬಂದು ಎಲ್ಲ ಬಿಗಿ ಮಾಡಿ ಹೋಗಿದ್ದಾರೆ, ಬಾಣದಂತೆ ಓಡುತ್ತದೆ. ಹತ್ತುವವರು ಮಾತ್ರ ಯಾರೂ ಇಲ್ಲ.

ಆದರೆ ಊರಿನಲ್ಲಿ ಒಂದು ಸುದ್ದಿ ಹಬ್ಬಿದೆ. ಮಾಸ್ತರರು ಬೋಟನ್ನು ಬೇಕೆಂದೇ, ಲೆಕ್ಕ ಹಾಕಿ, ಸರಿಯಾಗಿ ಮಾವನ ಅಪ್ಪನ ಹೊಲದ ಬದುವಿನ ಮೇಲೆ ತಂದು ನಿಲ್ಲಿಸಿದರಂತೆ. ಇದನ್ನು ಹಬ್ಬಿಸಿದವರು ಮಾವನೇ. “ಎಷ್ಟಾದ್ರೂ ಓದಿದ ತಲಿ” ಎಂದು ಅವರು ಬೆನ್ನು ತಟ್ಟಿದಾಗಲೆಲ್ಲ ನಾನು ತಲೆ ತಗ್ಗಿಸಿ ನಗುತ್ತೇನೆ. ಎಲ್ಲರೂ ಅದನ್ನು ವಿನಯ ಎಂದುಕೊಳ್ಳುತ್ತಾರೆ. ನಿಜ ಗೊತ್ತಿರುವುದು ಸುವರ್ಣಳಿಗೆ, ಅತ್ತೆಗೆ ಮತ್ತು ಯೂಸುಫ್ ಭಾಯಿಗೆ. ಮೂವರೂ ಇನ್ನೂ ಬಾಯಿ ಬಿಟ್ಟಿಲ್ಲ. ಹೋದ ವಾರ ಪಕ್ಕದ ಊರಿನ ಇಬ್ಬರು ವಾರಗಿತ್ತಿಯರು ನನ್ನನ್ನು ಹುಡುಕಿಕೊಂಡು ಜಹೀರಾಬಾದಿಗೇ ಬಂದರು. ಅವರ ಗಂಡಂದಿರು ಅಣ್ಣತಮ್ಮರು. ಒಂದು ಬಾವಿಯ ಸಲುವಾಗಿ ಐದು ವರ್ಷದಿಂದ ಮಾತು ಬಿಟ್ಟಿದ್ದಾರೆ. “ಇಬ್ಬರನ್ನೂ ನಿಮ್ಮ ಬೋಟಿನಾಗ ಕುಂದ್ರಸ್ರಿ ಸರ್, ನಡುನೀರಾಗ ಸ್ವಲ್ಪ ಕೆಡಸ್ರಿ” ಎಂದು ಕೈಮುಗಿದರು. ಆಗಲಿ ಎಂದು ಮಾತು ಕೊಟ್ಟುಬಿಟ್ಟೆ. ಮೊನ್ನೆ ಭಾನುವಾರ ಒಬ್ಬನೇ ಹೋಗಿ, ಬೆಳಗಿನಿಂದ ಸಂಜೆಯವರೆಗೆ ನನಗೆ ತಿಳಿದ ವಿದ್ಯೆಯನ್ನೆಲ್ಲ ಆ ಇಂಜಿನ್ನಿನ ಮೇಲೆ ಪ್ರಯೋಗಿಸಿದೆ. ಹಾಳಾದ್ದು ನಿಲ್ಲಲೇ ಇಲ್ಲ.